ದಾನದ ಯಂತ್ರವೂ ಪ್ರಾಣವಾಯುವೂ

ದಾನವಾಗಿ ಬಂದ ಎಮ್ಮೆಯ ಹಲ್ಲನ್ನು ಹಿಡಿದು ನೋಡಬಾರದೆಂದು ನಮ್ಮಲ್ಲಿ ಒಂದು ಗಾದೆಯುಂಟು. ಕೊಟ್ಟವರ ಮನಸ್ಸನ್ನು ನೋಯಿಸಬಾರದು, ಬಂದದ್ದನ್ನು ಬಂದಂತೆಯೇ ಸ್ವೀಕರಿಸಬೇಕು ಎಂಬುದು ಅದರ ತಾತ್ಪರ್ಯ. ನೆಂಟರಿಷ್ಟರ ಕೊಡುಕೊಳ್ಳುವಿಕೆಯಲ್ಲಿ ಇದು ಒಳ್ಳೆಯ ನೀತಿಯೇ ಸರಿ. ಆದರೆ ದಾನವಾಗಿ ಬಂದದ್ದು ಎಮ್ಮೆಯಲ್ಲ, ಆಸ್ಪತ್ರೆಯ ಯಂತ್ರ. ಅದನ್ನು ನಂಬಿ ಮಲಗಿರುವುದು ಉಸಿರಿಗಾಗಿ ತವಕಿಸುವ ಒಂದು ಮಗು ಎಂದಾದರೆ, ಹಲ್ಲನ್ನು ಎಣಿಸದೆ ಬಿಡುವುದು ಧರ್ಮವೆ?

ಆಫ್ರಿಕ ಖಂಡದ ಹಳ್ಳಿಗಾಡಿನ ಅನೇಕ ಆಸ್ಪತ್ರೆಗಳು ದೂರದೇಶಗಳ ಜನರು ಚಂದಾ ಎತ್ತಿ ಕಳುಹಿಸಿದ ಹಣದಿಂದ ತಮ್ಮ ಉಪಕರಣಗಳನ್ನು ಪಡೆಯುತ್ತವೆ. ಶಾಲೆಯ ಮಕ್ಕಳು, ವರ್ತಕರು, ಪಿಂಚಣಿಯಲ್ಲಿ ಬದುಕುವ ವೃದ್ಧರು, ಎಲ್ಲರ ಕಾಸೂ ಅದರಲ್ಲಿ ಸೇರಿರುತ್ತದೆ. ಆ ಕಾಸು ಯಂತ್ರವಾಗಿ, ಯಂತ್ರವು ರೋಗಿಯ ಉಸಿರಾಗಿ ಪರಿಣಮಿಸಬೇಕಾದರೆ ನಡುವೆ ಏನೇನು ನಡೆಯಬೇಕು? ಇದು ಕೇವಲ ಕರುಣೆಯ ಪ್ರಶ್ನೆಯಲ್ಲ, ಭೌತವಿಜ್ಞಾನದ ಪ್ರಶ್ನೆಯೂ ಹೌದು. ಒಂದು ಹಳೆಯ ಕಥೆಯಿಂದ ಆರಂಭಿಸಿ, ಒಂದೇ ಒಂದು ಯಂತ್ರವನ್ನು ಉದಾಹರಣೆಯಾಗಿ ಇಟ್ಟುಕೊಂಡು, ಇದನ್ನು ವಿಚಾರಮಾಡೋಣ.

ಸಂಗೀತದಿಂದ ನಡೆದ ಆಸ್ಪತ್ರೆ

ಜರ್ಮನಿ ಮತ್ತು ಫ್ರಾನ್ಸ್ ದೇಶಗಳ ಗಡಿಯಲ್ಲಿರುವ ಆಲ್ಸೇಸ್ ಪ್ರಾಂತದಲ್ಲಿ ೧೮೭೫ರಲ್ಲಿ ಹುಟ್ಟಿದ ಆಲ್ಬರ್ಟ್ ಶ್ವೈಟ್ಜರರು ಮೂವತ್ತನೆಯ ವಯಸ್ಸಿಗೆ ಆಗಲೇ ತತ್ತ್ವಜ್ಞಾನಿಯೆಂದೂ ಆರ್ಗನ್ ವಾದ್ಯದಲ್ಲಿ ನಿಪುಣರೆಂದೂ ಹೆಸರಾಗಿದ್ದರು. ಆ ವಯಸ್ಸಿನಲ್ಲಿ ಅವರು ಮತ್ತೆ ವಿದ್ಯಾರ್ಥಿಯಾಗಿ ವೈದ್ಯಶಾಸ್ತ್ರವನ್ನು ಕಲಿಯತೊಡಗಿದರು. ೧೯೧೩ರಲ್ಲಿ ದಾದಿಯ ಶಿಕ್ಷಣ ಪಡೆದಿದ್ದ ಪತ್ನಿ ಹೆಲೀನರೊಡನೆ ಮಧ್ಯ ಆಫ್ರಿಕದ ಗಬಾನಿಗೆ ಹೋಗಿ, ಒಗೊವೆ ನದಿಯ ದಂಡೆಯ ಲಾಂಬರೆನೆ ಎಂಬಲ್ಲಿ ಚಿಕಿತ್ಸೆಯನ್ನು ಆರಂಭಿಸಿದರು. ಅವರ ಮೊದಲನೆಯ ಚಿಕಿತ್ಸಾಲಯವು ಕೋಳಿಗಳನ್ನು ಕೂಡುತ್ತಿದ್ದ ಒಂದು ಗುಡಿಸಲು!

ಈ ಆಸ್ಪತ್ರೆಗೆ ಹಣ ಬಂದದ್ದು ಎಲ್ಲಿಂದ? ಹೊರಡುವ ಮೊದಲು ಶ್ವೈಟ್ಜರರು ಪರಿಚಿತರ ಮನೆಮನೆಗೆ ಹೋಗಿ ಬೇಡಿದರು. ಸಂಗೀತ ಕಚೇರಿಗಳನ್ನು ನಡೆಸಿದರು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಸಾಲ ಬೆಳೆದಾಗ, ೧೯೨೦ರಲ್ಲಿ ಸ್ವೀಡನ್ ದೇಶದಲ್ಲಿ ಸಂಚರಿಸಿ ಉಪನ್ಯಾಸ ಕೊಟ್ಟು, ಆರ್ಗನ್ ನುಡಿಸಿ, ಆ ಸಾಲವನ್ನು ತೀರಿಸಿದರು. ೧೯೨೪ರಲ್ಲಿ ಲಾಂಬರೆನೆಗೆ ಹಿಂದಿರುಗಿ ಆಸ್ಪತ್ರೆಯನ್ನು ಮತ್ತೆ ಕಟ್ಟಿದರು. ೧೯೫೨ನೆಯ ವರ್ಷದ ನೊಬೆಲ್ ಶಾಂತಿ ಪಾರಿತೋಷಿಕದ ಹಣವು ಕುಷ್ಠರೋಗಿಗಳ ವಸತಿಯಾಯಿತು.

ಈ ಕಥೆಯಲ್ಲಿ ಒಂದು ಸಣ್ಣ ಸಂಗತಿಯು ನಮ್ಮ ಪ್ರಕೃತ ವಿಷಯಕ್ಕೆ ಬಹಳ ಮುಖ್ಯವಾದುದು. ಶ್ವೈಟ್ಜರರು ಆಫ್ರಿಕಕ್ಕೆ ಹೊರಟಾಗ ಪ್ಯಾರಿಸ್ಸಿನ ಬಾಖ್ ಸಂಘದವರು ಅವರಿಗೆ ಒಂದು ಪಿಯಾನೊವನ್ನು ಉಡುಗೊರೆಯಾಗಿ ಕೊಟ್ಟರು. ಅದು ಅಂಗಡಿಯಲ್ಲಿ ದೊರೆಯುವ ಸಾಮಾನ್ಯ ಪಿಯಾನೊ ಅಲ್ಲ. ಆರ್ಗನ್ನಿನ ಅಭ್ಯಾಸ ತಪ್ಪದಂತೆ ಕಾಲಿನಿಂದ ನುಡಿಸುವ ಮೆಟ್ಟುಗಳನ್ನು ಅದಕ್ಕೆ ಜೋಡಿಸಿದ್ದರು. ಉಷ್ಣವಲಯದ ತೇವವೂ ಗೆದ್ದಲೂ ತಾಕದಂತೆ ಒಳಗೆಲ್ಲ ಸತುವಿನ ತಗಡನ್ನು ಹೊದಿಸಿದ್ದರು. ಕೊಟ್ಟವರು ವಾದ್ಯವನ್ನು ಮಾತ್ರವಲ್ಲ, ಅದು ಹೋಗಿ ಸೇರುವ ಊರಿನ ಹವೆಯನ್ನೂ, ಅದನ್ನು ನುಡಿಸುವವನ ಅಗತ್ಯವನ್ನೂ ಮನಸ್ಸಿಗೆ ತಂದುಕೊಂಡಿದ್ದರು. ಸತುವಿನ ಹೊದಿಕೆಯ ಈ ಪಿಯಾನೊವನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಕೋರುತ್ತೇವೆ.

ಒಂದು ಮಗುವಿನ ಉಸಿರು

ಈಗ ನಮ್ಮ ಕಾಲಕ್ಕೆ ಬರೋಣ. ಹಳ್ಳಿಯ ಆಸ್ಪತ್ರೆಯೊಂದಕ್ಕೆ ನ್ಯುಮೋನಿಯ ತಗುಲಿದ ಮಗುವನ್ನು ತಾಯಿ ಎತ್ತಿಕೊಂಡು ಬಂದಿದ್ದಾಳೆ. ನಮ್ಮ ಶ್ವಾಸಕೋಶದಲ್ಲಿ ಕೋಟ್ಯಂತರ ಗಾಳಿಗೂಡುಗಳಿವೆ. ಅವುಗಳ ತೆಳುವಾದ ಗೋಡೆಯನ್ನು ದಾಟಿ ಆಮ್ಲಜನಕವು ರಕ್ತವನ್ನು ಸೇರುತ್ತದೆ. ನ್ಯುಮೋನಿಯದಲ್ಲಿ ಈ ಗೂಡುಗಳು ಕೀವು ನೀರುಗಳಿಂದ ತುಂಬುತ್ತವೆ. ಉಳಿದ ಕೆಲವು ಗೂಡುಗಳಿಂದಲೇ ಮಗು ಬದುಕಬೇಕು. ಗಾಳಿಯಲ್ಲಿ ಆಮ್ಲಜನಕವಿರುವುದು ಶೇಕಡ ೨೧ ಮಾತ್ರ. ಈ ಪ್ರಮಾಣವನ್ನು ಹೆಚ್ಚಿಸಿ ಕೊಟ್ಟರೆ, ಔಷಧಿಯು ರೋಗಾಣುಗಳನ್ನು ಕೊಲ್ಲುವವರೆಗೆ ಜೀವವನ್ನು ಹಿಡಿದು ನಿಲ್ಲಿಸಬಹುದು.

ಆಮ್ಲಜನಕವನ್ನು ಉಕ್ಕಿನ ಸಿಲಿಂಡರಿನಲ್ಲಿ ತುಂಬಿ ತರುವುದು ಹಳೆಯ ಕ್ರಮ. ದೊಡ್ಡ ಸಿಲಿಂಡರೊಂದರಲ್ಲಿ ಸುಮಾರು ೬,೮೦೦ ಲೀಟರ್ ಅನಿಲ ಹಿಡಿಯುತ್ತದೆ. ಒಂದು ಚಿಕ್ಕ ಮಗುವಿಗೆ ನಿಮಿಷಕ್ಕೆ ಒಂದು ಲೀಟರಿನಂತೆ ಐದು ಮಕ್ಕಳಿಗೆ ಕೊಡಬೇಕಾಯಿತೆನ್ನಿ. ೬,೮೦೦ನ್ನು ೫ರಿಂದ ಭಾಗಿಸಿದರೆ ೧,೩೬೦ ನಿಮಿಷಗಳು. ಅಂದರೆ ೨೨ ಗಂಟೆ ೪೦ ನಿಮಿಷಗಳು. ಒಂದು ದಿನಕ್ಕೂ ಸಾಲದು! ಅನಿಲ ತುಂಬುವ ಕಾರ್ಖಾನೆ ನೂರಾರು ಮೈಲಿ ದೂರದ ರಾಜಧಾನಿಯಲ್ಲಿ. ಮಳೆಗಾಲದಲ್ಲಿ ಮಣ್ಣಿನ ರಸ್ತೆ ಕೆಸರು. ಲಾರಿಯು ಬಾರದ ದಿನ ಮಗುವಿನ ಉಸಿರು ಕಾಯುವುದಿಲ್ಲ.

ಆದುದರಿಂದಲೇ ಆಮ್ಲಜನಕವನ್ನು ಆಸ್ಪತ್ರೆಯಲ್ಲಿಯೇ, ಸುತ್ತಲಿನ ಗಾಳಿಯಿಂದಲೇ ಬೇರ್ಪಡಿಸಿ ಕೊಡುವ ಯಂತ್ರವು ಇಂಥ ಸ್ಥಳಗಳಿಗೆ ವರವೆನಿಸಿತು. ಇದಕ್ಕೆ ಆಮ್ಲಜನಕ ಸಾಂದ್ರಕವೆಂದು ಹೆಸರು. ಇಂಗ್ಲಿಷಿನಿಂದ ಬಂದ ಕಾನ್ಸಂಟ್ರೇಟರ್ ಎಂಬ ಹೆಸರೇ ೨೦೨೧ರ ಕೋವಿಡ್ ದಿನಗಳಲ್ಲಿ ನಮ್ಮ ಮನೆಗಳಲ್ಲೂ ಬಳಕೆಗೆ ಬಂದಿತು.

ಸಾರಜನಕವನ್ನು ಹಿಡಿಯುವ ಕಲ್ಲು

ಈ ಯಂತ್ರದ ಹೃದಯವು ಜಿಯೊಲೈಟ್ ಎಂಬ ಖನಿಜ. ಸ್ವೀಡನ್ನಿನ ಖನಿಜಶಾಸ್ತ್ರಜ್ಞ ಕ್ರೋನ್‌ಸ್ಟೆಟ್ ೧೭೫೬ರಲ್ಲಿ ಇಂಥ ಒಂದು ಕಲ್ಲನ್ನು ಕಾಯಿಸಿದಾಗ ಅದರೊಳಗಿನ ನೀರು ಆವಿಯಾಗಿ ಹೊರಬಂದು, ಕಲ್ಲೇ ಕುದಿಯುವಂತೆ ಕಂಡಿತು. ಅದಕ್ಕಾಗಿ ಆತನು ಗ್ರೀಕ್ ಭಾಷೆಯ ಪದಗಳನ್ನು ಜೋಡಿಸಿ ಕುದಿಯುವ ಕಲ್ಲು ಎಂಬ ಅರ್ಥದ ಹೆಸರನ್ನಿಟ್ಟನು. ಜಿಯೊಲೈಟಿನ ಒಳಗೆಲ್ಲ ಅಣುಗಾತ್ರದ ಕೋಣೆಗಳೂ ಓಣಿಗಳೂ ಇವೆ. ಯಂತ್ರಗಳಲ್ಲಿ ಬಳಸುವ ಜಿಯೊಲೈಟನ್ನು ಕಾರ್ಖಾನೆಯಲ್ಲಿ ತಯಾರಿಸುತ್ತಾರೆ.

ಇದನ್ನು ಅಣುಜರಡಿ ಎಂದು ಕರೆಯುವುದುಂಟು. ಆದರೆ ಹಿಟ್ಟನ್ನು ಜರಡಿ ಹಿಡಿದಂತೆ ದೊಡ್ಡದನ್ನು ತಡೆದು ಸಣ್ಣದನ್ನು ಬಿಡುವ ಕೆಲಸ ಇಲ್ಲಿ ನಡೆಯುವುದಿಲ್ಲ. ಆಮ್ಲಜನಕದ ಅಣುವಿಗೂ ಸಾರಜನಕದ ಅಣುವಿಗೂ ಗಾತ್ರದಲ್ಲಿ ಹೆಚ್ಚು ಅಂತರವಿಲ್ಲ. ನಿಜವಾದ ಕಾರಣ ವಿದ್ಯುದಾಕರ್ಷಣೆ. ಜಿಯೊಲೈಟಿನ ಕೋಣೆಗಳಲ್ಲಿ ಸೋಡಿಯಮ್ ಅಥವಾ ಲಿಥಿಯಮ್ ಧಾತುವಿನ ಧನ ಅಯಾನುಗಳಿರುತ್ತವೆ. ಸಾರಜನಕದ ಅಣುವಿನಲ್ಲಿ ವಿದ್ಯುದಂಶದ ಹಂಚಿಕೆಯು ಆಮ್ಲಜನಕಕ್ಕಿಂತ ಹೆಚ್ಚು ಅಸಮವಾಗಿರುವುದರಿಂದ, ಆ ಅಯಾನುಗಳು ಸಾರಜನಕವನ್ನು ಹೆಚ್ಚು ಬಲವಾಗಿ ಸೆಳೆಯುತ್ತವೆ. ಒತ್ತಡ ಹೆಚ್ಚಿದಷ್ಟೂ ಹೆಚ್ಚು ಸಾರಜನಕ ಅಂಟಿಕೊಳ್ಳುತ್ತದೆ. ಒತ್ತಡವನ್ನು ಇಳಿಸಿದರೆ ಬಿಟ್ಟುಹೋಗುತ್ತದೆ.

ಯಂತ್ರದಲ್ಲಿ ಜಿಯೊಲೈಟಿನ ಹರಳುಗಳನ್ನು ತುಂಬಿದ ಎರಡು ಕೊಳವೆಗಳಿವೆ. ವಿದ್ಯುತ್ತಿನ ಮೋಟಾರು ಗಾಳಿಯನ್ನು ಅದುಮಿ ಮೊದಲನೆಯ ಕೊಳವೆಗೆ ನುಗ್ಗಿಸುತ್ತದೆ. ಸಾರಜನಕವು ಹರಳುಗಳಿಗೆ ಅಂಟಿಕೊಳ್ಳುತ್ತದೆ. ಆಮ್ಲಜನಕವು ಮುಂದೆ ಸಾಗುತ್ತದೆ. ಕೆಲವು ಸೆಕೆಂಡುಗಳಲ್ಲಿ ಹರಳುಗಳು ತುಂಬಿಹೋಗುತ್ತವೆ. ಆಗ ಕವಾಟಗಳು ತಿರುಗಿ ಗಾಳಿಯನ್ನು ಎರಡನೆಯ ಕೊಳವೆಗೆ ಹರಿಸುತ್ತವೆ. ಮೊದಲನೆಯದರ ಒತ್ತಡ ಇಳಿದು, ಹಿಡಿದಿದ್ದ ಸಾರಜನಕ ಹೊರಬೀಳುತ್ತದೆ. ಹೀಗೆ ಇಬ್ಬರು ಕೆಲಸಗಾರರು ಸರದಿಯಂತೆ ದುಡಿಯುವಂತೆ ಎರಡು ಕೊಳವೆಗಳೂ ದುಡಿಯುತ್ತವೆ. ಈ ಬಗೆಯ ಕ್ರಮವನ್ನು ರೂಪಿಸಿದ ಅಮೆರಿಕದ ಚಾರ್ಲ್ಸ್ ಸ್ಕಾರ್‌ಸ್ಟ್ರಮ್ಮರಿಗೆ ೧೯೬೦ರಲ್ಲಿ ಪೇಟೆಂಟ್ ದೊರೆಯಿತು. ಹೊರಬರುವ ಅನಿಲದಲ್ಲಿ ಆಮ್ಲಜನಕ ಶೇಕಡ ೯೫ರವರೆಗೆ ಇರಬಹುದು. ನೂರಕ್ಕೆ ನೂರು ಆಗದಿರುವುದಕ್ಕೆ ಮುಖ್ಯ ಕಾರಣ, ಗಾಳಿಯಲ್ಲಿರುವ ಆರ್ಗಾನ್ ಅನಿಲವೂ ಆಮ್ಲಜನಕದ ಜೊತೆಗೇ ದಾಟಿಬರುವುದು.

ನಿಮಿಷಕ್ಕೆ ಐದು ಲೀಟರ್ ಕೊಡುವ ಒಂದು ಯಂತ್ರ, ಅದರ ಧಾರೆಯನ್ನು ಹಂಚುವ ಒಂದು ಅಳತೆಯ ಪಟ್ಟಿ, ಇಷ್ಟಿದ್ದರೆ ಐದು ಮಕ್ಕಳು ಒಟ್ಟಿಗೆ ಉಸಿರಾಡಬಹುದು. ಹಣ ಕೂಡಿಸುವವರಿಗೆ ಇದಕ್ಕಿಂತ ಒಳ್ಳೆಯ ವಸ್ತು ಇನ್ನಾವುದು? ಒಂದು ಯಂತ್ರದ ಬೆಲೆ ಇಷ್ಟು, ಐದು ಜೀವಗಳು ಎಂದು ಒಂದೇ ಮಾತಿನಲ್ಲಿ ಹೇಳಿಬಿಡಬಹುದು. ಆದರೆ ಕಥೆಯು ಅಲ್ಲಿಗೆ ಮುಗಿಯಲಿಲ್ಲ.

ಗ್ಯಾಂಬಿಯದಲ್ಲಿ ನಡೆದದ್ದು

ಪಶ್ಚಿಮ ಆಫ್ರಿಕದ ಗ್ಯಾಂಬಿಯವು ಒಂದು ನದಿಯ ಇಕ್ಕೆಲಗಳಲ್ಲಿ ರಿಬ್ಬನ್ನಿನಂತೆ ಹಬ್ಬಿದ ಚಿಕ್ಕ ದೇಶ. ೨೦೦೦ದಲ್ಲಿ ಅಲ್ಲಿಯ ಒಂದು ದೊಡ್ಡ ಆಸ್ಪತ್ರೆಗೆ ಆಮ್ಲಜನಕ ಸಾಂದ್ರಕಗಳು ದಾನವಾಗಿ ಬಂದವು. ಅದು ಹಳ್ಳಿಯ ಆಸ್ಪತ್ರೆಯಲ್ಲ. ಸುತ್ತಲಿನ ಆಸ್ಪತ್ರೆಗಳು ಕಠಿಣವಾದ ರೋಗಿಗಳನ್ನು ಕಳುಹಿಸುತ್ತಿದ್ದ ಸ್ಥಳ. ಆದರೂ ಯಂತ್ರಗಳು ಕೆಟ್ಟು ಉಗ್ರಾಣವನ್ನು ಸೇರಿದವು. ಏಕೆ ಹೀಗಾಯಿತೆಂದು ತಜ್ಞರು ತನಿಖೆ ಮಾಡಿ ಬರೆದ ವರದಿಯು ೨೦೦೮ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಯಂತ್ರಗಳು ಬಯಸುವ ವಿದ್ಯುತ್ತಿಗೂ ಆಸ್ಪತ್ರೆಯ ಗೋಡೆಯಲ್ಲಿದ್ದ ವಿದ್ಯುತ್ತಿಗೂ ಹೊಂದಿಕೆಯಿರಲಿಲ್ಲ. ಯಂತ್ರಗಳನ್ನು ನೋಡಿಕೊಳ್ಳಬೇಕಾದ ಆಸ್ಪತ್ರೆಯ ಕುಶಲಿಗಳನ್ನು ಮೊದಲೇ ಕೇಳಿರಲಿಲ್ಲ ಎಂಬುದೇ ಅದರ ಹಿಂದಿನ ದೋಷ.

ಈ ಹೊಂದಿಕೆಯೆಂದರೇನು? ಗ್ಯಾಂಬಿಯದಲ್ಲಿ, ನಮ್ಮ ದೇಶದಲ್ಲಿರುವಂತೆಯೇ, ವಿದ್ಯುತ್ತಿನ ಒತ್ತಡ ೨೩೦ ವೋಲ್ಟ್. ಅದು ಸೆಕೆಂಡಿಗೆ ೫೦ ಆವರ್ತಗಳಷ್ಟು ದಿಕ್ಕು ಬದಲಿಸುತ್ತದೆ. ಅಮೆರಿಕದಲ್ಲಿ ಸುಮಾರು ೧೨೦ ವೋಲ್ಟ್, ೬೦ ಆವರ್ತಗಳು. ವೋಲ್ಟೇಜಿನ ಭೇದವನ್ನು ಪರಿವರ್ತಕದಿಂದ, ಅಂದರೆ ಟ್ರಾನ್ಸ್‌ಫಾರ್ಮರಿನಿಂದ, ಸರಿಪಡಿಸಬಹುದು. ಆವರ್ತಗಳ ಭೇದವನ್ನು ಅದು ಸರಿಪಡಿಸಲಾರದು. ಒಳಹೋದದ್ದು ೫೦ ಆದರೆ ಹೊರಬರುವುದೂ ೫೦ ಆವರ್ತವೇ.

ಮೋಟಾರಿನಲ್ಲಿ ಕಾಂತಕ್ಷೇತ್ರವು ನಿಮಿಷಕ್ಕೆ ಎಷ್ಟು ಸುತ್ತು ತಿರುಗುವುದೆಂಬುದನ್ನು ಕಾಲೇಜಿನ ವಿದ್ಯಾರ್ಥಿಗಳು ಬಲ್ಲರು: ಆವರ್ತಗಳ ಸಂಖ್ಯೆಯನ್ನು ೧೨೦ರಿಂದ ಗುಣಿಸಿ ಧ್ರುವಗಳ ಸಂಖ್ಯೆಯಿಂದ ಭಾಗಿಸಬೇಕು. ನಾಲ್ಕು ಧ್ರುವಗಳ ಮೋಟಾರಿಗೆ ೬೦ ಆವರ್ತಗಳಲ್ಲಿ ೧,೮೦೦ ಸುತ್ತು. ೫೦ ಆವರ್ತಗಳಲ್ಲಿ ೧,೫೦೦ ಮಾತ್ರ. ಆರರಲ್ಲಿ ಒಂದಂಶ ವೇಗ ಕುಗ್ಗಿತು. ವೇಗ ಕುಗ್ಗಿದರೆ ಅದುಮುವ ಗಾಳಿ ಕಡಮೆ. ಗಾಳಿ ಕಡಮೆಯಾದರೆ ಆಮ್ಲಜನಕವೂ ಕಡಮೆ. ಅಷ್ಟೇ ಅಲ್ಲ. ಅದೇ ವೋಲ್ಟೇಜಿನಲ್ಲಿ ಆವರ್ತಗಳು ಇಳಿದರೆ ಕಬ್ಬಿಣದ ತಿರುಳಿನಲ್ಲಿ ಕಾಂತಪ್ರವಾಹ ಮಿತಿಮೀರುತ್ತದೆ. ಸುರುಳಿಗಳು ಹೆಚ್ಚು ವಿದ್ಯುತ್ತನ್ನು ಎಳೆದು ಕಾಯುತ್ತವೆ. ಸಾಗರವನ್ನು ದಾಟಿ ಬಂದ ಯಂತ್ರವನ್ನು ನಿಷ್ಪ್ರಯೋಜಕವನ್ನಾಗಿ ಮಾಡಲು ಅದರ ಬೆನ್ನಿನ ತಗಡಿನ ಮೇಲೆ ಅಚ್ಚಾಗಿರುವ ಎರಡು ಅಂಕಿಗಳೇ ಸಾಕು. ಆ ಅಂಕಿಗಳನ್ನು ಓದುವುದು ಹಡಗಿಗೆ ಹೇರುವ ಮೊದಲು ಒಂದು ನಿಮಿಷದ ಕೆಲಸ.

ಇದು ಎಲ್ಲೋ ಒಂದೆಡೆ ನಡೆದ ಆಕಸ್ಮಿಕವಲ್ಲ. ಬಡ ದೇಶಗಳ ಆಸ್ಪತ್ರೆಗಳ ೧,೧೨,೦೪೦ ಉಪಕರಣಗಳ ಪಟ್ಟಿಗಳನ್ನು ಪರಿಶೀಲಿಸಿದ ಒಂದು ಅಧ್ಯಯನವು ೨೦೧೧ರಲ್ಲಿ ಪ್ರಕಟವಾಯಿತು. ಅವುಗಳಲ್ಲಿ ಶೇಕಡ ೩೮ರಷ್ಟು ಕೆಲಸ ಮಾಡುತ್ತಿರಲಿಲ್ಲ. ತರಬೇತಿಯ ಅಭಾವ, ಉಪಕರಣಗಳ ನಿರ್ವಹಣೆಯ ವ್ಯವಸ್ಥೆ ಇಲ್ಲದಿರುವುದು, ವಿದ್ಯುತ್ತು ನೀರುಗಳ ಕೊರತೆ, ಇವೇ ಪ್ರಮುಖ ಕಾರಣಗಳೆಂದು ಅದರ ಕರ್ತೃಗಳು ಕಂಡರು. ಇವುಗಳಲ್ಲಿ ಯಾವುದೂ ಯಂತ್ರದ ದೋಷವಲ್ಲವೆಂಬುದನ್ನು ಗಮನಿಸಬೇಕು.

ಯಂತ್ರದ ಪರಿವಾರ

ಹಾಗಾದರೆ ಯಂತ್ರವೊಂದು ಬದುಕಲು ಏನೇನು ಬೇಕು? ನಮ್ಮ ಸಾಂದ್ರಕವನ್ನೇ ನೋಡೋಣ.

ಮೊದಲನೆಯದು ವಿದ್ಯುತ್ತು. ಐದು ಲೀಟರಿನ ಯಂತ್ರವು ಸುಮಾರು ೩೫೦ ವ್ಯಾಟ್ ಬೇಡುತ್ತದೆ. ಹಗಲಿರುಳೂ ನಡೆದರೆ ೨೪ ಗಂಟೆಗಳಲ್ಲಿ ೮.೪ ಯೂನಿಟ್ ಖರ್ಚಾಗುತ್ತದೆ. ಇದನ್ನು ಬಿಸಿಲಿನಿಂದಲೇ ಪಡೆಯಬೇಕೆಂದಿಟ್ಟುಕೊಳ್ಳಿ. ದಿನಕ್ಕೆ ಐದು ಗಂಟೆಗಳ ಪೂರ್ಣ ಬಿಸಿಲು ದೊರೆಯುವುದಾದರೆ ೮.೪ನ್ನು ೫ರಿಂದ ಭಾಗಿಸಿ ಸುಮಾರು ೧.೭ ಕಿಲೋವ್ಯಾಟಿನ ಸೌರಫಲಕಗಳು ಬೇಕು. ನಷ್ಟವನ್ನು ಸೇರಿಸಿದರೆ ಎರಡಕ್ಕೂ ಮೇಲೆ. ಬಿಸಿಲಿಲ್ಲದ ೧೪ ಗಂಟೆಗಳಿಗೆ ೪.೯ ಯೂನಿಟ್ ಕೂಡಿಟ್ಟಿರಬೇಕು. ಸೀಸ ಮತ್ತು ಆಮ್ಲದ ಬ್ಯಾಟರಿಯನ್ನು ಅರ್ಧಕ್ಕಿಂತ ಹೆಚ್ಚು ಬರಿದುಮಾಡಿದರೆ ಅದರ ಆಯುಸ್ಸು ಬೇಗ ತೀರುವುದರಿಂದ, ಹತ್ತು ಯೂನಿಟ್ ಹಿಡಿಯುವಷ್ಟು ಬ್ಯಾಟರಿ ಬೇಕು. ಮೋಡದ ದಿನಗಳಿಗೆ ಇನ್ನೂ ಹೆಚ್ಚು. ಹೀಗೆ ಲೆಕ್ಕಹಾಕಿದಾಗ ವಿದ್ಯುತ್ತಿನ ಏರ್ಪಾಡು ಯಂತ್ರಕ್ಕಿಂತಲೂ ದುಬಾರಿಯಾಗಬಹುದೆಂದು ತಿಳಿಯುತ್ತದೆ. ಆದರೂ ಇದು ಸಾಧ್ಯವೆಂಬುದಕ್ಕೆ ಉಗಾಂಡ ದೇಶವೇ ಸಾಕ್ಷಿ. ಅಲ್ಲಿ ವಿಕ್ಟೋರಿಯ ಸರೋವರದ ಬಳಿಯ ಜಿಂಜ ಪಟ್ಟಣದ ಆಸ್ಪತ್ರೆಯಲ್ಲಿ ಬಿಸಿಲಿನ ಬಲದಿಂದ ಸಾಂದ್ರಕವನ್ನು ನಡೆಸಿ ಮಕ್ಕಳಿಗೆ ಆಮ್ಲಜನಕ ಕೊಟ್ಟರು. ಮುಂದೆ ೨೦ ಚಿಕಿತ್ಸಾಕೇಂದ್ರಗಳಲ್ಲಿ ಇದನ್ನು ಪರೀಕ್ಷಿಸಿದಾಗ ಚಿಕ್ಕ ಮಕ್ಕಳ ಸಾವು ಕಡಮೆಯಾದುದು ಕಂಡುಬಂದಿತು; ಈ ಫಲಿತಾಂಶ ೨೦೨೪ರಲ್ಲಿ ಪ್ರಕಟವಾಯಿತು.

ಎರಡನೆಯದು ಶುಚಿ. ಪಶ್ಚಿಮ ಆಫ್ರಿಕದಲ್ಲಿ ಚಳಿಗಾಲದ ತಿಂಗಳುಗಳಲ್ಲಿ ಸಹಾರ ಮರುಭೂಮಿಯಿಂದ ಹರ್ಮಟಾನ್ ಎಂಬ ಒಣಗಾಳಿ ಧೂಳನ್ನು ಹೊತ್ತು ಬೀಸುತ್ತದೆ. ಧೂಳು ಯಂತ್ರದ ಶೋಧಕದಲ್ಲಿ ಕಟ್ಟಿಕೊಂಡರೆ ಗಾಳಿಯೂ ಸಾಲದು, ಮೋಟಾರೂ ಕಾಯುತ್ತದೆ. ಮಳೆಗಾಲದಲ್ಲಿ ಇನ್ನೊಂದು ಕಷ್ಟ. ಜಿಯೊಲೈಟಿಗೆ ಸಾರಜನಕಕ್ಕಿಂತ ನೀರಾವಿಯ ಮೇಲೆ ಮೋಹ ಹೆಚ್ಚು. ಒಮ್ಮೆ ನೀರು ತುಂಬಿದ ಹರಳು ಸಾರಜನಕವನ್ನು ಹಿಡಿಯದು. ಹೊರಗಿನ ಶೋಧಕವನ್ನು ವಾರಕ್ಕೊಮ್ಮೆ ತೊಳೆದು ಒಣಗಿಸಿ ಹಾಕುವುದು ಕಾಸಿಲ್ಲದ ಕೆಲಸ. ಅದನ್ನು ಮಾಡಬೇಕೆಂದು ತಿಳಿದ ಒಬ್ಬರು ಅಲ್ಲಿರಬೇಕು, ಅಷ್ಟೆ.

ಮೂರನೆಯದು ಅಳತೆ. ಹರಳು ಕೆಟ್ಟ ಯಂತ್ರವೂ ಗುರುಗುಟ್ಟುತ್ತದೆ, ಗಾಳಿಯನ್ನೂ ಊದುತ್ತದೆ; ನೋಡಿದರೆ ಕೆಲಸ ಮಾಡುವಂತೆಯೇ ತೋರುತ್ತದೆ. ಊದುತ್ತಿರುವುದು ಆಮ್ಲಜನಕವೋ ಬರಿಯ ಗಾಳಿಯೋ ಎಂಬುದನ್ನು ಕಣ್ಣು ಕಾಣಲಾರದು. ಅದಕ್ಕೆ ಆಮ್ಲಜನಕದ ಮಾಪಕ ಬೇಕು. ಮಗುವಿನ ರಕ್ತದಲ್ಲಿ ಆಮ್ಲಜನಕ ಎಷ್ಟಿದೆಯೆಂದು ತಿಳಿಯಲು ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಬೇಕು. ಜಪಾನಿನ ತಕುವೊ ಅಯೊಯಗಿಯವರು ೧೯೭೦ರ ದಶಕದಲ್ಲಿ ಈ ಉಪಕರಣದ ತತ್ತ್ವವನ್ನು ಕಂಡುಹಿಡಿದರು. ಇದರಲ್ಲಿ ಕೆಂಪು ಬೆಳಕು, ಅವಕೆಂಪು ಬೆಳಕು ಎರಡನ್ನೂ ಬೆರಳಿನ ಮೂಲಕ ಹಾಯಿಸಿ, ನಾಡಿಯ ಮಿಡಿತದೊಡನೆ ಅವು ಎಷ್ಟೆಷ್ಟು ಹೀರಲ್ಪಡುವುವೆಂದು ಹೋಲಿಸುತ್ತಾರೆ. ಶೇಕಡ ೯೦ಕ್ಕಿಂತ ಕಡಮೆಯಾದರೆ ಮಗುವಿಗೆ ಆಮ್ಲಜನಕ ಕೊಡಬೇಕು. ಬಡ ದೇಶಗಳಿಗೆ ಆಕ್ಸಿಮೀಟರುಗಳನ್ನು ಒದಗಿಸಲು ೨೦೧೧ರಲ್ಲಿ ಸ್ಥಾಪಿತವಾದ ಲೈಫ್‌ಬಾಕ್ಸ್ ಎಂಬ ಧರ್ಮಸಂಸ್ಥೆಯು ಉಪಕರಣದ ಜೊತೆಗೆ ತರಬೇತಿಯನ್ನೂ ಕೊಡುವ ಕ್ರಮವನ್ನು ಇಟ್ಟುಕೊಂಡಿದೆ. ಈ ಮಾರ್ಗವು ಅನುಕರಣೀಯವಾದುದು.

ನಾಲ್ಕನೆಯದು ಮನುಷ್ಯ. ಕವಾಟ ಸವೆದಾಗ ಬದಲಿಸುವ ಕುಶಲಿ, ನಡುರಾತ್ರಿ ಎಚ್ಚರದಿಂದಿದ್ದು ಅಳತೆಯನ್ನು ಬರೆದಿಡುವ ದಾದಿ, ಬಿಡಿಭಾಗಗಳನ್ನು ತರಿಸಿಕೊಡುವ ಗುಮಾಸ್ತೆ, ಇವರಿಲ್ಲದೆ ಯಂತ್ರವು ಒಂದು ಪೆಟ್ಟಿಗೆ ಮಾತ್ರ.

ಬೇಡುವುದರಲ್ಲಿಯೂ ವಿವೇಕ

ಇಲ್ಲಿಯೇ ಹಣ ಕೂಡಿಸುವವರ ಕಷ್ಟವಿದೆ. ಯಂತ್ರಕ್ಕೆ ಹಣ ಬೇಡುವುದು ಸುಲಭ. ಅದರ ಚಿತ್ರವನ್ನು ತೋರಿಸಬಹುದು. ದಾನಿಯ ಹೆಸರನ್ನು ಅದರ ಮೇಲೆ ಕೆತ್ತಿಸಬಹುದು. ಶೋಧಕಕ್ಕೆ, ಬ್ಯಾಟರಿಯ ಆಮ್ಲಕ್ಕೆ, ಕುಶಲಿಯ ಮೂರನೆಯ ವರ್ಷದ ಸಂಬಳಕ್ಕೆ ಹಣ ಕೊಡಿರೆಂದರೆ ಯಾರ ಹೃದಯವೂ ಬೇಗ ಕರಗದು. ಆದರೆ ಮಗುವಿನ ಉಸಿರು ನಿಂತಿರುವುದು ಈ ಹೆಸರಿಲ್ಲದ ವೆಚ್ಚಗಳ ಮೇಲೆಯೇ. ಯಂತ್ರದ ಬೆಲೆಯನ್ನು ಮಾತ್ರ ಹೇಳಿ ಚಂದಾ ಎತ್ತುವುದು ಅರ್ಧ ಸತ್ಯವನ್ನು ಹೇಳಿದಂತೆ.

ವಿಶ್ವ ಆರೋಗ್ಯ ಸಂಸ್ಥೆಯು ೨೦೦೦ದಲ್ಲಿ ಉಪಕರಣಗಳ ದಾನಕ್ಕೆ ನಾಲ್ಕು ಸೂತ್ರಗಳನ್ನು ಹಾಕಿಕೊಟ್ಟಿತು. ದಾನವು ಪಡೆಯುವವರಿಗೆ ಆದಷ್ಟು ಹೆಚ್ಚು ಪ್ರಯೋಜನವಾಗುವಂತಿರಬೇಕು. ಪಡೆಯುವವರ ಇಚ್ಛೆಗೂ ಅಧಿಕಾರಕ್ಕೂ ಮನ್ನಣೆ ಇರಬೇಕು. ದಾನಿಯ ದೇಶದಲ್ಲಿ ಬಳಸಲು ಯೋಗ್ಯವಲ್ಲದ್ದನ್ನು ಪರದೇಶಕ್ಕೆ ಕೊಡಬಾರದು. ಕೊಡುವವರೂ ಪಡೆಯುವವರೂ ಮೊದಲಿನಿಂದ ಕೊನೆಯವರೆಗೆ ಮಾತನಾಡಿಕೊಳ್ಳುತ್ತಿರಬೇಕು. ಎರಡನೆಯ ಸೂತ್ರವು ಲಾಂಬರೆನೆಯ ಕಥೆಗೂ ಸಲ್ಲುತ್ತದೆ. ಶ್ವೈಟ್ಜರರ ತ್ಯಾಗವನ್ನು ಜಗತ್ತು ಕೊಂಡಾಡಿತು. ಆದರೆ ಆಫ್ರಿಕದವರನ್ನು ಅವರು ತಮಗೆ ಸಮಾನರೆಂದು ಕಾಣದೆ ಕಿರಿಯ ತಮ್ಮಂದಿರೆಂದು ಕಂಡರೆಂಬ ಆಕ್ಷೇಪಣೆಯೂ ಬಂದಿತು, ಅದು ನಿರಾಧಾರವಾದುದಲ್ಲ. ಬೇಡುವ ಕೈಯಾಗಿ ಮಾತ್ರ ಕಂಡವರನ್ನು ನಾವು ಪ್ರಶ್ನೆ ಕೇಳುವುದಿಲ್ಲ. ಅವರ ಊರಿನ ವಿದ್ಯುತ್ತಿನ ಅಂಕಿಯೂ ಆಗ ನಮಗೆ ತಿಳಿಯುವುದಿಲ್ಲ.

ವಿದ್ಯಾರ್ಥಿಗಳಾದ ನಮ್ಮ ವಾಚಕರು ಮುಂದೆ ಎಂಜಿನಿಯರುಗಳಾಗಬಹುದು, ವೈದ್ಯರಾಗಬಹುದು, ಇಲ್ಲವೆ ಸಂಬಳದಲ್ಲಿ ಒಂದು ಪಾಲನ್ನು ದೂರದ ಆಸ್ಪತ್ರೆಗೆ ಕಳುಹಿಸುವ ಸಜ್ಜನರಾಗಬಹುದು. ಆಗ ಕೇಳಬೇಕಾದ ಪ್ರಶ್ನೆಗಳು ಕಷ್ಟದವಲ್ಲ. ಈ ಯಂತ್ರವನ್ನು ಕೇಳಿದವರು ಯಾರು? ಅಲ್ಲಿಯ ವಿದ್ಯುತ್ತು ಎಷ್ಟು ವೋಲ್ಟ್, ಎಷ್ಟು ಆವರ್ತ, ದಿನಕ್ಕೆ ಎಷ್ಟು ಗಂಟೆ? ಧೂಳನ್ನು ಯಾರು ಒರೆಸುತ್ತಾರೆ? ಕೆಟ್ಟರೆ ಯಾರು ಬಿಚ್ಚುತ್ತಾರೆ? ಐದು ವರ್ಷಗಳ ಮೇಲೆ ಇದು ಎಲ್ಲಿರುತ್ತದೆ? ಇಷ್ಟನ್ನು ಕೇಳಿದ ಮಾತ್ರಕ್ಕೆ ಕರುಣೆಗೆ ಕುಂದು ಬರುವುದಿಲ್ಲ.

ಎಮ್ಮೆಯ ಹಲ್ಲನ್ನು ನೋಡಬಾರದೆಂಬ ಗಾದೆ ಪಡೆಯುವವರಿಗೆ ಹೇಳಿದ್ದು. ಹಲ್ಲನ್ನು ಎಣಿಸಬೇಕಾದವರು ಕೊಡುವವರು. ಅದೂ ಕೊಡುವ ಮೊದಲು. ಪ್ಯಾರಿಸ್ಸಿನ ಸಂಗೀತಪ್ರಿಯರು ಹಾಗೆ ಎಣಿಸಿದರು. ಅವರ ಪಿಯಾನೊ ಗೆದ್ದಲಿನ ನಾಡಿಗೆ ಸತುವಿನ ಕವಚವನ್ನು ತೊಟ್ಟು ಹೋಯಿತು. ಮಗುವಿನ ಉಸಿರಿಗೆಂದು ಹೋಗುವ ಯಂತ್ರಕ್ಕೆ ಅಷ್ಟಾದರೂ ಕವಚ ಬೇಡವೆ?